ಕಾತ್ರಜ್ ಇಳಿಜಾರಿನಲ್ಲಿ ಕೈಕೊಟ್ಟ ಮೋಟರ್ ಬ್ರೇಕ್ ‘ರೀಜನ್’: 31 ಸಾವಿರ ಕಿಲೋಮೀಟರ್ ಓಡಿದ ವಿದ್ಯುತ್ ಕಾರಿನ ಬ್ರೇಕ್ ವಿಮರ್ಶೆ

ಧಾರವಾಡದಿಂದ ಪುಣೆಗೆ ಮರಳುವ ನಮ್ಮಂಥವರಿಗೆ ಕಾತ್ರಜ್‌ನ ಹೊಸ ಸುರಂಗ ಕಂಡಿತೆಂದರೆ ಮನೆ ಬಂದ ಹಾಗೆ. ಸುರಂಗದಿಂದ ಹೊರಬಿದ್ದ ಕೂಡಲೇ ಹೆದ್ದಾರಿ ನರ್ಹೆಯ ಕಡೆಗೆ ಇಳಿಯತೊಡಗಿ, ನವಲೆ ಸೇತುವೆಯವರೆಗೂ ಇಳಿಯುತ್ತಲೇ ಇರುತ್ತದೆ. 2022ರ ನವೆಂಬರ್‌ನ ಒಂದು ರಾತ್ರಿ ಹಿಡಿತ ತಪ್ಪಿದ ಭಾರಿ ವಾಹನವೊಂದು ಇಲ್ಲಿ ಮುಂದಿದ್ದವರ ಮೇಲೆ ನುಗ್ಗಿ, 48 ವಾಹನಗಳು ಜಖಂಗೊಂಡಿದ್ದನ್ನು ಪುಣೆಯವರು ಯಾರೂ ಮರೆತಿಲ್ಲ. ಕಳೆದ ಮೇ ತಿಂಗಳಲ್ಲಿ ಇದೇ ಇಳಿಜಾರಿನಲ್ಲಿ, ಹಿಂದಿನ ಸೀಟಿನಲ್ಲಿ ತಾಯಿ ಮತ್ತು ಮಗಳು ನಿದ್ದೆ ಹೋಗಿದ್ದಾಗ, ಎಂದಿನಂತೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ನನ್ನ ವಿದ್ಯುತ್ ಕಾರು ನಿಧಾನವಾಗಲಿಲ್ಲ. ಅದರ ಬದಲು ಇಳಿಜಾರಿನ ಸೆಳೆತಕ್ಕೆ ಸಿಕ್ಕಿ, ಗಂಟೆಗೆ 62 ಕಿಲೋಮೀಟರ್ ಇದ್ದ ವೇಗ ನೋಡನೋಡುತ್ತಿದ್ದಂತೆ 70ಕ್ಕೆ ಏರಿತು.

ಬ್ರೇಕ್ ಒತ್ತಿದೆ, ಗಾಡಿ ನಿಂತಿತು. ಬ್ರೇಕ್ ವಿಫಲವಾಯಿತು ಎಂದು ನಾನು ಬರೆಯುತ್ತಿಲ್ಲ, ಆದ್ದರಿಂದ ಇದನ್ನು ಮೊದಲೇ ಹೇಳಿಬಿಡಬೇಕು. ನನ್ನ ತಕರಾರು ಬೇರೆಯದು: ಎರಡು ವರ್ಷಗಳಿಂದ ಒಂದು ರೀತಿಯಲ್ಲಿ ನಿಲ್ಲುತ್ತಾ ಬಂದ ಗಾಡಿ, ಕೆಲವು ಸಂದರ್ಭಗಳಲ್ಲಿ ಚಾಲಕನಿಗೆ ಸರಿಯಾಗಿ ತಿಳಿಸದೆ ಇನ್ನೊಂದು ರೀತಿಯಲ್ಲಿ ನಿಲ್ಲುತ್ತದೆ, ಮತ್ತು ಅದನ್ನು ಕೇಳಲು ಹೋದವರಿಗೆ ಸರ್ವಿಸ್ ಸೆಂಟರಿನಲ್ಲಿ ಸಿಗುವ ಉತ್ತರ ‘ನಾರ್ಮಲ್ ಇದೆ ಸರ್’ ಎಂಬುದು ಮಾತ್ರ. ಕಾರಿನ ಹೆಸರನ್ನಾಗಲಿ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ಪಾರ್ಕಿಂಗ್‌ನಲ್ಲಿ ಮಾತಿಗೆ ನಿಂತಾಗ, ಬೇರೆ ಬೇರೆ ಕಂಪನಿಗಳ ವಿದ್ಯುತ್ ಕಾರು ಇಟ್ಟುಕೊಂಡಿರುವ ಮೂವರು ಗೆಳೆಯರು ಹೆಚ್ಚುಕಡಿಮೆ ಇದೇ ದೂರುಗಳನ್ನು ಹೇಳಿದರು. ಹೀಗಿರುವಾಗ ಒಂದೇ ಹೆಸರನ್ನು ಎತ್ತಿ ಆಡುವುದರಲ್ಲಿ ಅರ್ಥವಿಲ್ಲ.

ಕಾರಿನ ಉಳಿದ ಗುಣಗಳನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಐವರು ಕೂರುವ ಎಸ್‌ಯುವಿ; ಹೆದ್ದಾರಿಯಲ್ಲಿ ಒಂದು ಚಾರ್ಜಿಗೆ ಸುಮಾರು 300 ಕಿಲೋಮೀಟರ್ ಓಡುತ್ತದೆ; ಪುಣೆಯಿಂದ ಧಾರವಾಡಕ್ಕೆ ಹೋಗುವಾಗ ಕೊಲ್ಹಾಪುರದ ಆಸುಪಾಸಿನಲ್ಲಿ ಊಟದ ಹೊತ್ತಿಗೆ ಒಮ್ಮೆ ಚಾರ್ಜ್ ಮಾಡಿದರೆ ಸಾಕು. ಎಸಿ ಚೆನ್ನಾಗಿದೆ, ಸೀಟು ಚೆನ್ನಾಗಿದೆ, ತೆರೆಯ ಮೇಲಿನ ಸಾಫ್ಟ್‌ವೇರ್ ಆಗಾಗ ಮುನಿಸಿಕೊಳ್ಳುತ್ತದೆ.

ಬ್ರೇಕಿನ ಒಳ್ಳೆಯ ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ವಿದ್ಯುತ್ ಕಾರಿನಲ್ಲಿ ಎರಡು ಬಗೆಯ ಬ್ರೇಕುಗಳಿವೆ. ಒಂದು, ನಮಗೆ ಮೊದಲಿನಿಂದ ಗೊತ್ತಿರುವ ಡಿಸ್ಕ್ ಮತ್ತು ಪ್ಯಾಡಿನದು. ಇನ್ನೊಂದು, ಮಾಲೀಕರೆಲ್ಲ ‘ರೀಜನ್’ ಎಂದು ಕರೆಯುವ ಮೋಟರಿನ ಬ್ರೇಕು: ಕಾಲು ತೆಗೆದಾಗ ಚಕ್ರವೇ ಮೋಟರನ್ನು ತಿರುಗಿಸಿ, ಮೋಟರು ಜನರೇಟರ್ ಆಗಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ, ಆ ಕೆಲಸದ ಭಾರಕ್ಕೆ ಗಾಡಿ ನಿಧಾನವಾಗುತ್ತದೆ. ಇದು ಹೊಸ ಕಲ್ಪನೆಯೇನಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ಪುಟ್ಟ ರೇವಾ ಕಾರಿನಲ್ಲೂ ಇದು ಇತ್ತು. ನನ್ನ ಕಾರಿನಲ್ಲಿ ಸೊನ್ನೆಯಿಂದ ಮೂರರವರೆಗೆ ನಾಲ್ಕು ಹಂತಗಳಿವೆ. ಖಂಬಾಟಕಿ ಘಾಟನ್ನು ಸಾತಾರಾದ ಕಡೆಗೆ ಇಳಿಯುವಾಗ ಮೂರನೆಯ ಹಂತದಲ್ಲಿಟ್ಟರೆ ಬ್ರೇಕ್ ಪೆಡಲನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಮುಂದಿರುವ ಲಾರಿಗಳಿಂದ ಲೈನರ್ ಸುಟ್ಟ ವಾಸನೆ ಬರುತ್ತಿರುವಾಗ ನಾವು ಬ್ಯಾಟರಿಯ ಅಂಕಿ ಒಂದೊಂದಾಗಿ ಏರುವುದನ್ನು ನೋಡುತ್ತಾ ಇಳಿಯಬಹುದು. 31,000 ಕಿಲೋಮೀಟರ್ ಆದ ಮೇಲೂ ಮುಂದಿನ ಪ್ಯಾಡುಗಳು ಅರ್ಧಕ್ಕಿಂತ ಹೆಚ್ಚು ಉಳಿದಿವೆ. ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಇಷ್ಟು ಓಡುವಷ್ಟರಲ್ಲಿ ಅವನ್ನು ಬದಲಿಸುವ ಹೊತ್ತು ಹತ್ತಿರವಾಗಿರುತ್ತಿತ್ತು.

ಈ ಸುಖದಲ್ಲೇ ತೊಡಕೂ ಅಡಗಿದೆ. ಮೇ ತಿಂಗಳ ಆ ದಿನ ನಾನು ಖೇಡ್ ಶಿವಾಪುರದಲ್ಲಿ ಚಹಾಕ್ಕೆಂದು ನಿಂತು, ಗಾಡಿಯನ್ನು ಚಾರ್ಜಿಗೆ ಹಾಕಿದ್ದೆ. ಮನೆ ಹತ್ತಿರವಿರುವಾಗ ಅಲ್ಲೇಕೆ ಚಾರ್ಜ್ ಎಂದು ಕೇಳುವವರಿಗೆ ನಮ್ಮ ಹೌಸಿಂಗ್ ಸೊಸೈಟಿಯ ಕಥೆ ಗೊತ್ತಿಲ್ಲ. ಪಾರ್ಕಿಂಗ್‌ನಲ್ಲಿ ಚಾರ್ಜರ್ ಹಾಕಿಸಲು ಕಮಿಟಿಯ ಒಪ್ಪಿಗೆ ಸಿಗುವುದಕ್ಕೆ ಹದಿಮೂರು ತಿಂಗಳು ಹಿಡಿದವು, ಮೇ ತಿಂಗಳಿಗೆ ಅದಿನ್ನೂ ಬಂದಿರಲಿಲ್ಲ. ತಾಯಿಗೆ ಮೊಣಕಾಲು ನೋವಿದ್ದುದರಿಂದ ಸ್ವಲ್ಪ ಹೆಚ್ಚು ಹೊತ್ತೇ ಕುಳಿತೆವು, ಬ್ಯಾಟರಿ 98 ಪ್ರತಿಶತ ತುಂಬಿತು. ತುಂಬಿದ ಕೊಡಕ್ಕೆ ನೀರು ಹಿಡಿಸದಂತೆ, ತುಂಬಿದ ಬ್ಯಾಟರಿಗೆ ರೀಜನ್ ವಿದ್ಯುತ್ತು ಹಿಡಿಸುವುದಿಲ್ಲ. ಸುಮಾರು 1,900 ಕಿಲೋ ತೂಗುವ ಗಾಡಿ 100 ಮೀಟರ್ ಎತ್ತರ ಇಳಿದರೆ ಲೆಕ್ಕಕ್ಕೆ ಅರ್ಧ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಒಟ್ಟು ಮೊತ್ತ ಸಣ್ಣದೇ, ಆದರೆ ಅದು ಕೆಲವೇ ನಿಮಿಷಗಳಲ್ಲಿ ರಭಸದಿಂದ ಬರುವುದರಿಂದ, ತುದಿಯವರೆಗೆ ತುಂಬಿದ ಸೆಲ್‌ಗಳಿಗೆ ಹಾನಿಯಾಗದಿರಲೆಂದು ಬ್ಯಾಟರಿಯ ನಿಯಂತ್ರಕ ಬಾಗಿಲು ಮುಚ್ಚಿಬಿಡುತ್ತದೆ. ಅದು ಸರಿಯಾದ ಕ್ರಮವೇ. ತಪ್ಪು ಇರುವುದು ಅದನ್ನು ಹೇಳುವ ರೀತಿಯಲ್ಲಿ: ಹಂತ ಮೂರು ಎಂಬ ಅಂಕಿ ತೆರೆಯ ಮೇಲೆ ಹಾಗೆಯೇ ಉರಿಯುತ್ತಿರುತ್ತದೆ, ಅದರ ಪಕ್ಕದ ಬೆರಳುಗುರಿನಷ್ಟು ಹಸಿರು ಗೆರೆ ಮಾತ್ರ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಇಳಿಜಾರಿನಲ್ಲಿ, ಬಿಸಿಲಿನಲ್ಲಿ, ಕನ್ನಡಕದ ಹಿಂದಿನಿಂದ ಅದನ್ನು ಯಾರು ನೋಡುತ್ತಾರೆ? ಸೀಟ್ ಬೆಲ್ಟ್ ಹಾಕದಿದ್ದರೆ ಮಗು ಅತ್ತಂತೆ ಕಿರುಚುವ ಗಾಡಿಗೆ ಇಲ್ಲಿ ಒಂದು ಸದ್ದು ಮಾಡಲು ಬಾರದೇ?

ಎರಡನೆಯ ದೂರು ಹೆಚ್ಚು ಜನರದ್ದು, ಮತ್ತು ಹೆಚ್ಚು ವಿಚಿತ್ರವಾದದ್ದು. ನಮ್ಮ ಸೊಸೈಟಿಯ ಗೇಟಿಗೆ ಬರುವ ಮುನ್ನ ಒಂದು ಇಳುಕಲು, ಅದರ ಕೊನೆಯಲ್ಲಿ ಡಾಂಬರು ಕಿತ್ತುಹೋದ ಒಂದು ಗುಂಡಿ, ಗುಂಡಿಯನ್ನು ದಾಟಿದ ಮೇಲೆ ಬಣ್ಣವಿಲ್ಲದ ಒಂದು ಸ್ಪೀಡ್ ಬ್ರೇಕರ್ ಇದೆ. ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಇಳಿಯುತ್ತಿರುವಾಗ ಚಕ್ರ ಗುಂಡಿಯ ಅಂಚಿಗೆ ತಾಗಿ ಒಂದು ಗಳಿಗೆ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಆ ಕ್ಷಣಕ್ಕೆ ಗಾಡಿ ನಿಧಾನವಾಗುವುದು ನಿಂತು, ಹಿಂದಿನಿಂದ ಯಾರೋ ನೂಕಿದಂತೆ ಮುಂದಕ್ಕೆ ಹೋಗುತ್ತದೆ. ವೇಗ ನಿಜವಾಗಿ ಹೆಚ್ಚಿರುವುದಿಲ್ಲ. ಇಳಿಯುತ್ತಿದ್ದ ವೇಗ ಇಳಿಯುವುದನ್ನು ನಿಲ್ಲಿಸಿದ್ದು ಮೈಗೆ ಹಾಗೆ ಭಾಸವಾಗುತ್ತದೆ. ಕಾರಣ ಇಷ್ಟು: ಹಗುರವಾಗಿ ಒತ್ತಿದ ಬ್ರೇಕಿನ ಬಹುಪಾಲು ಕೆಲಸವನ್ನು ಮೋಟರೇ ಮಾಡುತ್ತಿರುತ್ತದೆ. ಚಕ್ರ ಜಾರಿತು ಎಂದು ಎಬಿಎಸ್‌ಗೆ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆಗೆ) ಅನ್ನಿಸಿದ ಕೂಡಲೇ ಅದು ಮೋಟರಿನ ಎಳೆತವನ್ನು ಬಿಡಿಸಿ, ಕೆಲಸವನ್ನು ಡಿಸ್ಕ್ ಬ್ರೇಕಿಗೆ ವಹಿಸುತ್ತದೆ. ಈ ಕೈಬದಲಿನ ನಡುವೆ ಒಂದು ಸಣ್ಣ ತೆರಪು ಉಳಿಯುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ಎಂದರೆ 4 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಕಾರಿನ ಉದ್ದ. ಸ್ಕೂಟರ್‌ಗಳು ಎರಡೂ ಪಕ್ಕದಿಂದ ತೂರುವ ಪುಣೆಯ ರಸ್ತೆಯಲ್ಲಿ ಆ ನಾಲ್ಕು ಮೀಟರ್ ಸಾಮಾನ್ಯ ಜಾಗವಲ್ಲ.

ಇದು ಮಾಲೀಕರ ಕಲ್ಪನೆ ಎಂದು ತಳ್ಳಿಹಾಕುವವರು 2010ರ ಫೆಬ್ರವರಿಯನ್ನು ನೆನಪಿಸಿಕೊಳ್ಳಬೇಕು. ಟೊಯೋಟಾ ಆಗ ಪ್ರಿಯಸ್ ಮತ್ತು ಅದೇ ವ್ಯವಸ್ಥೆಯ ಬೇರೆ ಹೈಬ್ರಿಡ್ ಕಾರುಗಳನ್ನು, ಜಗತ್ತಿನಾದ್ಯಂತ ಸುಮಾರು 4 ಲಕ್ಷ 37 ಸಾವಿರದಷ್ಟನ್ನು, ಇಂಥದೇ ದೂರಿಗಾಗಿ ಹಿಂದಕ್ಕೆ ಕರೆಸಿಕೊಂಡಿತು. ಉಬ್ಬುತಗ್ಗಿನ ಅಥವಾ ಜಾರುವ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದು ಒಂದು ಕ್ಷಣ ತಡವಾಗುತ್ತಿತ್ತು. ಎಬಿಎಸ್‌ನ ಸಾಫ್ಟ್‌ವೇರ್ ಬದಲಿಸಿ ಅದನ್ನು ಸರಿಪಡಿಸಲಾಯಿತು. ಬ್ರೇಕ್ ಎಷ್ಟರ ಮಟ್ಟಿಗೆ ಸಾಫ್ಟ್‌ವೇರ್ ವಿಷಯವಾಗಿದೆ ಎಂಬುದಕ್ಕೆ 2018ರಲ್ಲಿ ಟೆಸ್ಲಾ ಮಾಡೆಲ್ 3 ಇನ್ನೊಂದು ನಿದರ್ಶನ ಒದಗಿಸಿತು: ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ ಪರೀಕ್ಷೆಯಲ್ಲಿ ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು 152 ಅಡಿ ತೆಗೆದುಕೊಂಡಿದ್ದ ಕಾರು, ಕೆಲವೇ ದಿನಗಳಲ್ಲಿ ಇಂಟರ್ನೆಟ್ ಮೂಲಕ ಬಂದ ಸಾಫ್ಟ್‌ವೇರ್ ಅಪ್‌ಡೇಟಿನ ನಂತರ 133 ಅಡಿಗೆ ನಿಂತಿತು. ಒಂದು ನಟ್ಟು ಬದಲಾಗಿರಲಿಲ್ಲ. ಸಾಫ್ಟ್‌ವೇರಿನ ಸಾಲು ಬದಲಿಸಿದರೆ ಬ್ರೇಕ್ ಸುಧಾರಿಸುತ್ತದೆ ಎಂದಾದರೆ, ಸಾಲಿನಲ್ಲಿ ದೋಷವಿದ್ದರೆ ಬ್ರೇಕಿನಲ್ಲಿ ದೋಷವಿದೆ ಎಂದೂ ಒಪ್ಪಬೇಕಲ್ಲ.

ಇನ್ನು ಸರ್ವಿಸ್ ಸೆಂಟರಿನ ವಿಷಯ. ನಗರದ ಹೊರವಲಯದಲ್ಲಿರುವ ಇದಕ್ಕೆ ಈ ನೂಕಿನ ದೂರು ಹಿಡಿದು ನಾನು ಮೂರು ಸಲ ಹೋಗಿದ್ದೇನೆ. ಗಾಜಿನ ಕೋಣೆ, ಯಂತ್ರದ ಕಾಫಿ, ‘ಸರ್’ ಎಂಬ ಸಂಬೋಧನೆ ಯಾವುದಕ್ಕೂ ಕೊರತೆಯಿಲ್ಲ. ಮೊದಲ ಸಲ ನನ್ನ ದೂರನ್ನು ಸಲಹೆಗಾರರು ‘ಬ್ರೇಕ್ ನಾಯ್ಸ್’ ಎಂದು ಬರೆದುಕೊಂಡರು. ಸದ್ದಿನ ವಿಷಯ ನಾನು ಎತ್ತಿಯೇ ಇರಲಿಲ್ಲ. ಎರಡನೆಯ ಸಲ ‘ಟೆಸ್ಟ್ ಡ್ರೈವ್ ಮಾಡಿದೆವು, ಸಮಸ್ಯೆ ಕಂಡುಬಂದಿಲ್ಲ’ ಎಂದರು. ಎಲ್ಲಿ ಓಡಿಸಿದಿರಿ ಎಂದು ಕೇಳಿದರೆ, ವರ್ಕ್‌ಶಾಪಿನ ಎದುರಿನ ಸರ್ವಿಸ್ ರಸ್ತೆಯಲ್ಲಿ. ಅದು ಹೊಸದಾಗಿ ಕಾಂಕ್ರೀಟ್ ಹಾಕಿದ, ಸಾರಿಸಿದ ಅಂಗಳದಂಥ ರಸ್ತೆ. ಅಲ್ಲಿ ಎತ್ತಿನ ಗಾಡಿಯ ಬ್ರೇಕಿನಲ್ಲೂ ದೋಷ ಕಾಣಲಾರದು. ಮೂರನೆಯ ಸಲ ನಾನು ಹಟ ಹಿಡಿದು, ತಂತ್ರಜ್ಞನೊಬ್ಬನನ್ನೇ ಕೂರಿಸಿಕೊಂಡು ನಮ್ಮ ಸೊಸೈಟಿಯ ಗುಂಡಿಯವರೆಗೆ ಬಂದೆ. ಹುಡುಗ ನಿಪ್ಪಾಣಿಯ ಕಡೆಯವನು ಎಂದು ದಾರಿಯಲ್ಲಿ ಗೊತ್ತಾಯಿತು. ಸ್ಟಿಯರಿಂಗನ್ನು ಅವನ ಕೈಗೆ ಕೊಟ್ಟು, 30ರ ವೇಗದಲ್ಲಿ ಹಗುರವಾಗಿ ಬ್ರೇಕ್ ಹಿಡಿದು ಇಳಿಸು ಎಂದೆ. ಗುಂಡಿಯ ಅಂಚು ದಾಟಿದ್ದೇ ಅವನ ಎಡಗೈ ತಾನಾಗಿ ಹ್ಯಾಂಡ್‌ಬ್ರೇಕ್ ಇರಬೇಕಾದ ಜಾಗವನ್ನು ತಡಕಾಡಿತು. ಈ ಗಾಡಿಯಲ್ಲಿ ಅಲ್ಲಿರುವುದು ಒಂದು ಬಟನ್ ಮಾತ್ರ. ಗೇಟಿನ ಬಳಿ ನಿಲ್ಲಿಸಿ ಅವನು ಹೇಳಿದ್ದು: ‘ಹೌದ್ರೀ ಸರ, ಯಾರೋ ಹಿಂದಿಂದ ನೂಕಿಧಂಗ ಆತು.’ ಮೂರು ಭೇಟಿಗಳಲ್ಲಿ ನನಗೆ ಸಿಕ್ಕ ಏಕೈಕ ತಾಂತ್ರಿಕ ವರದಿ ಅದು. ವರ್ಕ್‌ಶಾಪಿಗೆ ಮರಳಿದ ಮೇಲೆ ಜಾಬ್ ಕಾರ್ಡಿನಲ್ಲಿ ಅದು ‘ವಾಹನದ ಸಹಜ ಗುಣ’ ಎಂಬ ಅರ್ಥದ ಇಂಗ್ಲಿಷ್ ಸಾಲಾಗಿ ಮಾರ್ಪಟ್ಟಿತ್ತು.

ಆದರೂ ಅದೇ ದಿನ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದರು, ನಾಲ್ಕು ಗಂಟೆ ಹಿಡಿಯಿತು. ಅಲ್ಲಿಂದ ಮುಂದೆ ಗುಂಡಿಯ ಮೇಲಿನ ನೂಕು ಸಾಕಷ್ಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹಂತ ಮೂರರ ಹಿಡಿತ ಮೊದಲಿಗಿಂತ ಸ್ವಲ್ಪ ಸಡಿಲವಾದಂತಿದೆ. ಸಹಜ ಗುಣವಾಗಿದ್ದರೆ ಬದಲಿಸಿದ್ದೇಕೆ, ಬದಲಿಸಿದ್ದರೆ ಏನನ್ನು ಬದಲಿಸಿದಿರಿ ಎಂದು ಬರಹದಲ್ಲಿ ಕೇಳಿದ್ದಕ್ಕೆ ‘ಸಾಮಾನ್ಯ ಸುಧಾರಣೆಗಳು’ ಎಂಬ ಎರಡು ಪದಗಳ ಉತ್ತರ ಬಂತು. ಕಿರಾಣಿ ಅಂಗಡಿಯವನು ಹೀಗೆ ‘ಸಾಮಾನ್ಯ ಸಾಮಾನುಗಳು’ ಎಂದು ಬಿಲ್ ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ?

ಮೂರನೆಯ ಸಮಸ್ಯೆಗೆ ಸಾಫ್ಟ್‌ವೇರ್ ಹೊಣೆಯಲ್ಲ, ಮಳೆ ಹೊಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಗಾಡಿ ತೆರೆದ ಪಾರ್ಕಿಂಗ್‌ನಲ್ಲಿ ನೆನೆಯುತ್ತದೆ. ಎರಕದ ಕಬ್ಬಿಣದ ಡಿಸ್ಕಿನ ಮೇಲೆ ಒಂದೇ ರಾತ್ರಿಯಲ್ಲಿ ಕೆಂಪು ತುಕ್ಕು ಕೂರುತ್ತದೆ. ಪೆಟ್ರೋಲ್ ಕಾರಿನಲ್ಲಿ ಬೆಳಗಿನ ಮೊದಲ ನಾಲ್ಕು ಬ್ರೇಕಿಗೆ ಅದು ಉಜ್ಜಿ ಹೋಗುತ್ತದೆ. ಇಲ್ಲಿ ಎಲ್ಲ ಕೆಲಸವನ್ನೂ ಮೋಟರೇ ಮಾಡುವುದರಿಂದ ಪ್ಯಾಡು ಡಿಸ್ಕನ್ನು ಗಟ್ಟಿಯಾಗಿ ಮುಟ್ಟುವುದೇ ಅಪರೂಪ, ಅದರಲ್ಲೂ ಹಿಂದಿನ ಚಕ್ರಗಳಲ್ಲಿ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಿನ ಎಡಗಡೆಯಿಂದ ಕಲ್ಲಿನ ಮೇಲೆ ಕತ್ತಿ ಮಸೆದಂಥ ಸದ್ದು ಬರತೊಡಗಿತ್ತು. ಚಕ್ರ ಬಿಚ್ಚಿ, ಅದೇ ನಿಪ್ಪಾಣಿಯ ಹುಡುಗ ಡಿಸ್ಕಿನ ಮೇಲೆ ಹೆಬ್ಬೆರಳಿನ ಉಗುರನ್ನು ನಡುವಿನಿಂದ ಅಂಚಿನ ಕಡೆಗೆ ಎಳೆದು ತೋರಿಸಿದ. ಹೊರ ಅಂಚಿನಲ್ಲಿ ಉಗುರು ತಡೆದು ನಿಲ್ಲುವಷ್ಟು ಎತ್ತರದ ತುಕ್ಕಿನ ದಂಡೆ ಬೆಳೆದಿತ್ತು. ಒಳಗಿನ ಮುಖದಲ್ಲಿ ಗೀರುಗಳು. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ನು ಗ್ರೀಸ್ ಒಣಗಿ ಬಿಗಿದುಕೊಂಡಿತ್ತು. ಎರಡೂ ಹಿಂದಿನ ಡಿಸ್ಕು, ಪ್ಯಾಡು, ಕೂಲಿ ಸೇರಿ 11,400 ರೂಪಾಯಿ. ಇವು ಸವೆಯುವ ಭಾಗಗಳಾದ್ದರಿಂದ ವಾರಂಟಿ ಇಲ್ಲ ಎಂದರು. ಸವೆದು ಹೋಗಿದ್ದರೆ ಒಪ್ಪುತ್ತಿದ್ದೆ. ಇವು ಸವೆಯದೇ ಹಾಳಾದವು ಎಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡಲು ನನ್ನಿಂದಾಗಲಿಲ್ಲ. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ವಿದ್ಯುತ್ ಕಾರಿನ ಹಿಂದಿನ ಚಕ್ರಗಳಿಗೆ ಹಳೆಯ ಕಾಲದ್ದೆಂದು ಜನ ಮೂಗು ಮುರಿಯುವ ಡ್ರಮ್ ಬ್ರೇಕನ್ನೇ ಹಾಕಿರುವುದಕ್ಕೆ ಇಂಥ ತುಕ್ಕೂ ಒಂದು ಕಾರಣ. ನಮ್ಮಲ್ಲಿ ಮಾತ್ರ ನಾಲ್ಕೂ ಚಕ್ರಕ್ಕೆ ಡಿಸ್ಕ್ ಎಂಬುದು ಜಾಹೀರಾತಿನ ಹೆಮ್ಮೆ.

ಈಗ ನಾನು ವಾರಕ್ಕೊಮ್ಮೆ, ಬೆಳಗಿನ ಆರರ ಸುಮಾರಿಗೆ ಬೈಪಾಸಿನ ಸರ್ವಿಸ್ ರಸ್ತೆ ಖಾಲಿ ಇರುವಾಗ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ರೀಜನ್ ಸೊನ್ನೆಗೆ ತಂದು 50ರ ವೇಗದಿಂದ ಐದಾರು ಸಲ ಗಟ್ಟಿಯಾಗಿ ಬ್ರೇಕ್ ಹಾಕುತ್ತೇನೆ. ಗಾಡಿ ತೊಳೆಸಿದ ದಿನ ನಿಲ್ಲಿಸುವ ಮುನ್ನವೂ ಹಾಗೆಯೇ. ಸದ್ದು ಮತ್ತೆ ಬಂದಿಲ್ಲ. ಈ ಒಂದು ಸಾಲು ಮಾಲೀಕರ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾಗಿತ್ತು. ಬ್ರೇಕ್ ಆಯಿಲ್ ವಿಷಯವೂ ಅಷ್ಟೇ: ಎಂಜಿನ್ ಆಯಿಲ್ ಇಲ್ಲದ ಗಾಡಿಗೆ ಯಾವ ಆಯಿಲೂ ಬೇಡ ಎಂಬ ಭಾವನೆ ಮಾಲೀಕರಲ್ಲಿದೆ. ಆದರೆ ಬ್ರೇಕಿನ ಬಿಸಿಗೆ ಈ ದ್ರವ ಕುದಿದರೆ ಪೆಡಲಿನ ಹಿಡಿತ ತಪ್ಪುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಇರಬೇಕೆಂಬುದು ನಿಯಮ. ಅದು ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಪುಣೆಯ ಮಳೆಗಾಲವನ್ನು ಎರಡು ಸಲ ಕಂಡ ದ್ರವವನ್ನು, ರೀಜನ್ ಕೈಬಿಟ್ಟ ಘಾಟಿನಲ್ಲಿ ನಂಬಬೇಕಾಗಿ ಬರುತ್ತದೆ ಎಂಬುದನ್ನು ನೆನಪಿಟ್ಟರೆ ಎರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಹೆಚ್ಚೆನಿಸುವುದಿಲ್ಲ.

ಪೆಡಲ್ ಕಲ್ಲಾಗುವ ದೂರು ನನಗೆ ಒಮ್ಮೆ ಮಾತ್ರ ಅನುಭವಕ್ಕೆ ಬಂದಿದೆ. ಹನ್ನೆರಡು ದಿನ ನಿಂತಿದ್ದ ಗಾಡಿಯನ್ನು ಹೊರಡಿಸಿದಾಗ ಎಬಿಎಸ್, ಸ್ಟಿಯರಿಂಗ್, ಬ್ರೇಕ್ ಎಂದು ದೀಪಾವಳಿಯಂತೆ ದೀಪಗಳು ಹತ್ತಿಕೊಂಡವು, ಪೆಡಲ್ ಗಡುಸಾಯಿತು. ಮೂಲ ಕಾರಣ 12 ವೋಲ್ಟಿನ ಸಣ್ಣ ಬ್ಯಾಟರಿ ಬಡವಾಗಿದ್ದುದು. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ನಿರ್ವಾತ ನಮ್ಮ ಕಾಲಿಗೆ ಬಲ ಕೊಡುತ್ತದೆ. ಇಲ್ಲಿ ಆ ಕೆಲಸ ವಿದ್ಯುತ್ ಬೂಸ್ಟರಿನದು, ಅದು ಬದುಕುವುದು ಈ ಸಣ್ಣ ಬ್ಯಾಟರಿಯ ವ್ಯವಸ್ಥೆಯ ಮೇಲೆ. ಬ್ಯಾಟರಿ ಬದಲಿಸಿದ ಮೇಲೆ ಎಲ್ಲ ಶಾಂತವಾಯಿತು. ಬೂಸ್ಟರ್ ಇಲ್ಲದಿದ್ದರೂ ಬ್ರೇಕ್ ಹಿಡಿಯುತ್ತದೆ, ಆದರೆ ಎರಡೂ ಕಾಲಿನ ಬಲ ಬೇಕೆನಿಸುತ್ತದೆ ಎಂಬುದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಟ್ಟಿದ್ದೇನೆ.

ದೂರು ಕೊಡುವವರಿಗೆ ಒಂದು ಮಾತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮಿನ ಪ್ರಕಾರ, ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಏಳು ವರ್ಷ ಮೀರದ ವಾಹನಗಳ ಮಾಲೀಕರು ಸರ್ಕಾರದ ವಾಹನ್ ಪೋರ್ಟಲಿನಲ್ಲಿ ದೋಷ ದಾಖಲಿಸಬಹುದು. ಅಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಜನ ದಾಖಲಿಸಿದರು ಎಂಬ ಸಂಖ್ಯೆ. ಪಾರ್ಕಿಂಗ್‌ನಲ್ಲಿ ನಾವು ನಾಲ್ವರು ಅರ್ಧ ಗಂಟೆ ಬೈದುಕೊಂಡು ನಿಂತೆವು. ನಾಲ್ವರಲ್ಲಿ ಒಬ್ಬನೂ ಅದುವರೆಗೆ ದಾಖಲಿಸಿರಲಿಲ್ಲ. ಮರುದಿನ ನಾನು ದಾಖಲಿಸಿದೆ. ಸರ್ವಿಸ್ ಸೆಂಟರಿನವರ ಉಡಾಫೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎರಡಕ್ಕೂ ಜಾಬ್ ಕಾರ್ಡ್ ಬೇಕು, ಆದ್ದರಿಂದ ಅದರಲ್ಲಿ ನಿಮ್ಮ ದೂರನ್ನು ನಿಮ್ಮದೇ ಮಾತಿನಲ್ಲಿ ಬರೆಸದೆ ಸಹಿ ಮಾಡಬೇಡಿ.

ಕಾರಿಗೆ ಐದರಲ್ಲಿ ಮೂರೂವರೆ, ಸರ್ವಿಸ್ ಸೆಂಟರಿಗೆ ಎರಡು, ಅದರಲ್ಲಿ ಒಂದೂವರೆ ಆ ಹುಡುಗನದು. ಮಾರಿಬಿಡುವ ಯೋಚನೆ ನನಗಿಲ್ಲ. ಆದರೆ ಹೊಸದಾಗಿ ಕೊಳ್ಳಹೊರಟವರು ಶೋರೂಮಿನವರು ತೋರಿಸುವ ನಯವಾದ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಮುಂಗಡ ಕೊಡಬಾರದು. ಟೆಸ್ಟ್ ಡ್ರೈವಿನ ಗಾಡಿಯನ್ನು ಹಿಂದಿನ ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿಡಿ ಎಂದು ಹೇಳಿ, ಬೆಳಿಗ್ಗೆ ಅದನ್ನು ಹತ್ತಿರದ ಯಾವುದಾದರೂ ಇಳಿಜಾರಿಗೆ ಒಯ್ದು ಒಮ್ಮೆ ಕಾಲು ತೆಗೆದು ನೋಡಿ. ಆಮೇಲೆ ಬ್ಯಾಟರಿ 80ಕ್ಕೆ ಇಳಿದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ. ಗುಂಡಿಗಾಗಿ ದೂರ ಹುಡುಕಬೇಕಾಗಿಲ್ಲ, ಪುಣೆಯಲ್ಲಿ ಶೋರೂಮಿನ ಗೇಟಿನ ಹೊರಗೇ ಒಂದು ಸಿಗುತ್ತದೆ.